ಹೃದಯದೊಳಗಿನಿಂದ ಹೃದಯವನ್ನು ಕಾಣುವ ಬಗೆ: ಕ್ಯಾಥೆಟರ್ ತುದಿಯ ಶ್ರವಣಾತೀತ ಚಿತ್ರಣದ ಚರಿತ್ರೆ

ತೊಡೆಸಂದಿನ ಅಭಿಧಮನಿಯ ಮೂಲಕ ತೆಳುವಾದ ನಳಿಕೆಯೊಂದನ್ನು ಹೃದಯದ ಬಲಭಾಗಕ್ಕೆ ತಲುಪಿಸಿ, ಅದರ ತುದಿಯಿಂದ ಮನುಷ್ಯನ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಹೊರಡಿಸಿ, ಗೋಡೆಗಳಿಗೂ ಕವಾಟಗಳಿಗೂ ತಾಗಿ ಮರಳುವ ಪ್ರತಿಧ್ವನಿಯಿಂದ ಚಲಿಸುವ ಚಿತ್ರವನ್ನು ಕಟ್ಟುವ ವಿಧಾನಕ್ಕೆ ವೈದ್ಯರು ಇಂಟ್ರಾಕಾರ್ಡಿಯಾಕ್ ಎಕೋಕಾರ್ಡಿಯೋಗ್ರಫಿ ಎನ್ನುತ್ತಾರೆ. ಕ್ಯಾಥ್ ಲ್ಯಾಬಿನ ಆಡುಮಾತಿನಲ್ಲಿ ಅದು ಚಿಕ್ಕದಾಗಿ 'ಐಸ್'. ಈ ಸಾಧನವು ದಿನನಿತ್ಯದ ಚಿಕಿತ್ಸೆಗೆ ಬಂದದ್ದು ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ಆದರೆ ಅದರ ಹಿಂದಿನ ಕಲ್ಪನೆ ಅದಕ್ಕಿಂತ ನಾಲ್ಕು ದಶಕಗಳಷ್ಟು ಹಳೆಯದು, ಮತ್ತು ಕೇವಲ ಕಲ್ಪನೆಯಾಗಿ ಅಲ್ಲ, ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ ಉಪಕರಣವಾಗಿಯೇ ಹಳೆಯದು. ಈ ದೀರ್ಘ ವಿಳಂಬಕ್ಕೆ ಎಲೆಕ್ಟ್ರಾನಿಕ್ಸಿನ ಕೊರತೆಯಷ್ಟೇ ಕಾರಣವೆಂದು ಹೇಳುವ ರೂಢಿಯಿದೆ. ಅದು ಅರ್ಧ ಸತ್ಯ. ಹೃದಯದ ಒಳಗೆ ವೈದ್ಯರ ಕೈಗೆ ಮಾಡಲು ಕೆಲಸವೇ ಇಲ್ಲದಿದ್ದ ಕಾಲದಲ್ಲಿ ಅಲ್ಲಿಗೊಂದು ಕಣ್ಣನ್ನು ಕಳುಹಿಸುವ ಅಗತ್ಯ ಯಾರಿಗೂ ತೀವ್ರವಾಗಿ ಕಾಣಲಿಲ್ಲವೆಂಬುದು ಉಳಿದರ್ಧ.

ಈ ಚರಿತ್ರೆಗೆ ಎರಡು ಮೂಲಗಳಿವೆ. ಮೊದಲನೆಯದು ಧ್ವನಿಯದು. 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು, ಕ್ವಾರ್ಟ್ಸ್‌ನಂತಹ ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮುಖಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆಂದು ಕಂಡುಕೊಂಡರು. ಇದೇ ಹರಳಿಗೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸುತ್ತದೆಂಬ ವಿಲೋಮ ಗುಣವೂ ಬೇಗನೆ ಸಾಬೀತಾಯಿತು. ಪೀಜೋವಿದ್ಯುತ್ ಎಂದು ಹೆಸರಾದ ಈ ಗುಣದಿಂದ ಒಂದೇ ಹರಳು ಧ್ವನಿಯನ್ನು ಹೊರಡಿಸಲೂ ಮರಳಿ ಬಂದ ಧ್ವನಿಯನ್ನು ಗ್ರಹಿಸಲೂ ಶಕ್ತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಕಾಟ ಮಿತಿಮೀರಿದಾಗ, ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವ್ಯಾ 1917ರ ಸುಮಾರಿಗೆ ಕ್ವಾರ್ಟ್ಸ್ ಹರಳುಗಳನ್ನು ಉಕ್ಕಿನ ಫಲಕಗಳ ನಡುವೆ ಕೂರಿಸಿ, ನೀರಿನೊಳಗೆ ಶ್ರವಣಾತೀತ ಧ್ವನಿಯನ್ನು ಹಾಯಿಸುವ ಸಾಧನವನ್ನು ರೂಪಿಸಿದನು. ಮುಂದೆ ಹಡಗುಕಟ್ಟೆಗಳಲ್ಲಿ ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚಲು ಬಂದ ಉಪಕರಣಗಳೂ ಇದೇ ತತ್ತ್ವದವು.

ಎರಡನೆಯ ಮೂಲವು ನಳಿಕೆಯದು. 1929ರಲ್ಲಿ ಬರ್ಲಿನ್ನಿನ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ವರ್ನರ್ ಫೋರ್ಸ್‌ಮನ್, ಮೇಲಧಿಕಾರಿಯ ನಿಷೇಧವನ್ನು ಮೀರಿ, ಮೂತ್ರನಾಳಕ್ಕೆ ಬಳಸುವ ನಳಿಕೆಯನ್ನು ತನ್ನದೇ ತೋಳಿನ ಅಭಿಧಮನಿಗೆ ಸುಮಾರು 65 ಸೆಂಟಿಮೀಟರ್ ತೂರಿಸಿಕೊಂಡು, ಅದರ ತುದಿ ಬಲ ಹೃತ್ಕರ್ಣವನ್ನು ಮುಟ್ಟಿರುವುದನ್ನು ಎಕ್ಸ್-ರೇ ಚಿತ್ರದಲ್ಲಿ ದಾಖಲಿಸಿದನು. ಮುಟ್ಟಿದರೆ ಸಾವು ಖಚಿತವೆಂದು ನಂಬಲಾಗಿದ್ದ ಅಂಗದೊಳಗೆ ನಳಿಕೆಯನ್ನಿಟ್ಟುಕೊಂಡೂ ಮನುಷ್ಯನು ನಡೆದಾಡಬಲ್ಲನೆಂಬುದು ಅಂದು ಸಿದ್ಧವಾಯಿತು. ನ್ಯೂಯಾರ್ಕಿನ ಆಂದ್ರೆ ಕೂರ್ನಾ ಮತ್ತು ಡಿಕಿನ್‌ಸನ್ ರಿಚರ್ಡ್ಸ್ ಅವರು ಆ ಸಾಹಸವನ್ನು ಕ್ರಮಬದ್ಧ ಪರೀಕ್ಷಾವಿಧಾನವಾಗಿ ಬೆಳೆಸಿದರು. ಮೂವರಿಗೂ 1956ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಆ ಕಾಲದ ಕ್ಯಾಥೆಟರ್ ಮಾಡುತ್ತಿದ್ದುದು ಒತ್ತಡವನ್ನು ಅಳೆಯುವುದು, ರಕ್ತದ ಮಾದರಿಯನ್ನು ತೆಗೆಯುವುದು, ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಚುಚ್ಚುವುದು ಇಷ್ಟನ್ನೇ. ಅದಕ್ಕೆ ಒಳಗಿನ ಸುದ್ದಿಯನ್ನು ತರುವುದು ಗೊತ್ತಿತ್ತು, ಒಳಗೆ ನೋಡುವುದು ಗೊತ್ತಿರಲಿಲ್ಲ.

ಧ್ವನಿಯನ್ನು ಹೃದಯದತ್ತ ತಿರುಗಿಸಿದ ಕೀರ್ತಿ ಸ್ವೀಡನ್ನಿನ ಲುಂಡ್ ನಗರಕ್ಕೆ ಸಲ್ಲಬೇಕು. ಅಲ್ಲಿನ ಹೃದ್ರೋಗತಜ್ಞ ಇಂಗೆ ಎಡ್ಲರ್‌ಗೆ ಒಂದು ತುರ್ತು ಪ್ರಶ್ನೆಯಿತ್ತು. ಎಡಭಾಗದ ಮಿಟ್ರಲ್ ಕವಾಟವು ಸಂಧಿವಾತ ಜ್ವರದಿಂದ ಕಿರಿದಾದವರಿಗೆ ಶಸ್ತ್ರಚಿಕಿತ್ಸೆಯಿಂದ ಆ ಕವಾಟವನ್ನು ಬಿಡಿಸುವ ಪದ್ಧತಿ ಆಗಷ್ಟೇ ಬಂದಿತ್ತು. ಆದರೆ ಕವಾಟವು ಕಿರಿದಾಗಿದೆಯೋ ಸೋರುತ್ತಿದೆಯೋ ಎಂಬುದನ್ನು ಎದೆ ತೆರೆಯುವ ಮೊದಲೇ ತಿಳಿಯುವ ನಂಬಲರ್ಹ ಮಾರ್ಗವಿರಲಿಲ್ಲ. ಎಡ್ಲರ್ ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್‌ನ ನೆರವನ್ನು ಪಡೆದನು. ಹೆಲ್ಮುಟ್‌ನ ತಂದೆ ಗುಸ್ಟಾವ್ ಹರ್ಟ್ಸ್ ನೊಬೆಲ್ ಪಡೆದ ವಿಜ್ಞಾನಿ, ಒಂದು ಕಾಲಕ್ಕೆ ಸೀಮೆನ್ಸ್ ಸಂಸ್ಥೆಯ ಸಂಶೋಧನಾಲಯದ ಮುಖ್ಯಸ್ಥ. ಆವೃತ್ತಿಯ ಮಾನಕ್ಕೆ ಯಾರ ಹೆಸರಿದೆಯೋ ಆ ಹೈನ್‌ರಿಕ್ ಹರ್ಟ್ಸ್ ಇದೇ ಮನೆತನದವನು. ಇಬ್ಬರೂ ಮೊದಲು ಮಾಲ್ಮೋ ನಗರದ ಹಡಗುಕಟ್ಟೆಯಲ್ಲಿದ್ದ, ಲೋಹದ ಬಿರುಕನ್ನು ಹುಡುಕುವ ಯಂತ್ರವನ್ನು ಪರೀಕ್ಷಿಸಿ ನೋಡಿ, ಬಳಿಕ ತಂದೆಯ ಹಳೆಯ ನಂಟಿನ ಮೂಲಕ ಸೀಮೆನ್ಸ್‌ನ ಅಂಥದೇ ಯಂತ್ರವನ್ನು ಕಡವಾಗಿ ತರಿಸಿಕೊಂಡರು. 1953ರ ಅಕ್ಟೋಬರ್‌ನಲ್ಲಿ ಹೃದಯದ ಚಲಿಸುವ ಪ್ರತಿಧ್ವನಿಯನ್ನು ಅವರು ಮೊದಲ ಬಾರಿಗೆ ದಾಖಲಿಸಿದರು. ಅದು ಚಿತ್ರವಲ್ಲ, ಕಾಲದೊಂದಿಗೆ ಏರಿಳಿಯುವ ಗೆರೆ. ಅದರಲ್ಲಿ ಎದ್ದು ಕಾಣುತ್ತಿದ್ದ ಗೆರೆಯೊಂದನ್ನು ಎಡ ಹೃತ್ಕರ್ಣದ ಗೋಡೆಯದೆಂದು ಎಡ್ಲರ್ ಮೊದಲು ಭಾವಿಸಿದ್ದನು. ತೀರಿಕೊಂಡವರ ದೇಹದಲ್ಲಿ ಧ್ವನಿ ಹಾಯ್ದ ದಿಕ್ಕಿನಲ್ಲಿಯೇ ಉದ್ದನೆಯ ಸೂಜಿಯಂತಹ ಸಲಾಕೆಯನ್ನು ತೂರಿಸಿ ನೋಡಿದಾಗ, ಅದು ಮಿಟ್ರಲ್ ಕವಾಟದ ಮುಂದಿನ ಎಸಳೆಂದು ಖಚಿತವಾಯಿತು. ನೋಡುವುದೆಂದರೆ ಕಂಡದ್ದನ್ನು ಅಂಗರಚನೆಯೊಂದಿಗೆ ತಾಳೆಹಾಕುವುದೆಂಬ ಈ ಶಿಸ್ತೇ ಮುಂದಿನ ಎಲ್ಲ ಬೆಳವಣಿಗೆಯ ಬೆನ್ನೆಲುಬಾಯಿತು.

ಎದೆಯ ಹೊರಗಿನಿಂದ ನೋಡುವುದಕ್ಕೆ ಎರಡು ಅಡ್ಡಿಗಳಿದ್ದವು. ಪಕ್ಕೆಲುಬುಗಳು ಧ್ವನಿಯನ್ನು ತಡೆಯುತ್ತವೆ. ಗಾಳಿ ತುಂಬಿದ ಶ್ವಾಸಕೋಶ ಅದನ್ನು ಚದುರಿಸಿಬಿಡುತ್ತದೆ. ರಕ್ತದ ನಡುವೆಯೇ ನಿಂತು ನೋಡಿದರೆ ಈ ಎರಡೂ ಇಲ್ಲ. ಪೋಲೆಂಡಿನ ವ್ರೊತ್ಸ್ವಾಫ್ ನಗರದ ತೊಮಾಷ್ ಚೆಶಿನ್ಸ್‌ಕಿ ಈ ಸರಳ ತರ್ಕವನ್ನು ಅನುಸರಿಸಿ, 1950ರ ದಶಕದ ಉತ್ತರಾರ್ಧದಲ್ಲಿ, ಕ್ಯಾಥೆಟರಿನ ತುದಿಗೆ ಒಂದೇ ಒಂದು ಹರಳನ್ನು ಕೂರಿಸಿ ನಾಯಿಗಳ ಹೃದಯದೊಳಗೆ ಇಳಿಸಿ ಪ್ರತಿಧ್ವನಿಯನ್ನು ದಾಖಲಿಸಿದನು. ಅದರ ವರದಿ 1960ರಲ್ಲಿ ಪ್ರಕಟವಾಯಿತು. ಎಡ್ಲರ್ ಮತ್ತು ಹರ್ಟ್ಸ್‌ರ ಮೊದಲ ದಾಖಲೆಯಾಗಿ ಹತ್ತು ವರ್ಷವೂ ತುಂಬಿರಲಿಲ್ಲ ಎಂಬುದನ್ನು ನೆನೆದರೆ ಅವನ ದೂರದೃಷ್ಟಿ ಎಷ್ಟೆಂಬುದು ತಿಳಿಯುತ್ತದೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ಸೇಜಿ ಕಿಮೊಟೊ ಮತ್ತು ರ್‍ಯೋಜೊ ಓಮೊಟೊ ಅವರು 1960ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಭಿಧಮನಿಯ ಮೂಲಕ ಒಯ್ದ ಸಾಧನದಿಂದ ಹೃದಯದ ಅಡ್ಡಕೊಯ್ತವನ್ನೇ ಚಿತ್ರಿಸಿ, ಎರಡು ಹೃತ್ಕರ್ಣಗಳ ನಡುವಣ ಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ರಂಧ್ರವನ್ನು ಪತ್ತೆಹಚ್ಚಲು ಯತ್ನಿಸಿದ ಅವರ ವರದಿ 1964ರಲ್ಲಿ ಬಂದಿತು. ಅದೇ ದಶಕದ ಕೊನೆಯಲ್ಲಿ ಅಮೆರಿಕದ ರೆಜಿನಾಲ್ಡ್ ಎಗಲ್ಟನ್ ಕ್ಯಾಥೆಟರಿಗೆ ನಾಲ್ಕು ಹರಳುಗಳನ್ನು ಜೋಡಿಸಿದನು. ಆದರೆ ಒಂದು ಪೂರ್ಣ ಚಿತ್ರಕ್ಕೆ ಹಲವು ಬಡಿತಗಳ ಮಾಹಿತಿಯನ್ನು ಇಸಿಜಿಯ ಲೆಕ್ಕದಲ್ಲಿ ಹೊಂದಿಸಿ ಒಟ್ಟುಗೂಡಿಸಬೇಕಾಗುತ್ತಿತ್ತು.

ಈ ಸಾಲಿನ ಅತ್ಯಂತ ಗಮನಾರ್ಹ ಉಪಕರಣ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿತು. ಅಲ್ಲಿನ ಥೊರಾಕ್ಸ್‌ಸೆಂಟರಿನ ಎಂಜಿನಿಯರ್ ನಿಕೊಲಾಸ್ ಬೋಮ್ ಮತ್ತು ಸಂಗಡಿಗರು 1972ರಲ್ಲಿ ವಿವರಿಸಿದ ಕ್ಯಾಥೆಟರಿನ ತುದಿಯ ಸುತ್ತ 32 ಪುಟ್ಟ ಹರಳುಗಳು ಉಂಗುರದಂತೆ ಕೂತಿದ್ದವು. ತುದಿಯ ವ್ಯಾಸ ಸುಮಾರು 3 ಮಿಲಿಮೀಟರ್, ಧ್ವನಿಯ ಆವೃತ್ತಿ 5.6 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 56 ಲಕ್ಷ ಕಂಪನಗಳು. ದೇಹದ ಮೃದು ಅಂಗಾಂಶದಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗುವುದರಿಂದ, ಈ ಆವೃತ್ತಿಯಲ್ಲಿ ಅದರ ತರಂಗದೂರ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಕವಾಟದ ಎಸಳನ್ನು ಬೇರ್ಪಡಿಸಿ ತೋರಿಸಲು ಅದು ಧಾರಾಳವಾಗಿ ಸಾಕು. ತಿರುಗುವ ಭಾಗವೇ ಇಲ್ಲದ ಈ ಸಾಧನದಲ್ಲಿ, ಯಾವ ಹರಳು ಯಾವ ಕ್ಷಣಕ್ಕೆ ಕಂಪಿಸಬೇಕೆಂಬುದನ್ನು ಎಲೆಕ್ಟ್ರಾನಿಕ್ ಮಂಡಲವು ನಿರ್ಧರಿಸಿ ಧ್ವನಿಯ ಪುಂಜವನ್ನು ಸುತ್ತಲೂ ಹಾಯಿಸುತ್ತಿತ್ತು. ಮುಂದಿನ ಮೂವತ್ತು ವರ್ಷಗಳ ತಂತ್ರಜ್ಞಾನದ ಬೀಜವೆಲ್ಲ ಅದರಲ್ಲಿತ್ತು.

ಆದರೂ ಅದು ಚಿಕಿತ್ಸಾಲಯವನ್ನು ತಲುಪಲಿಲ್ಲ. ಇದಕ್ಕೆ ಬೋಮ್‌ನ ಇನ್ನೊಂದು ಸಾಧನೆಯೂ ಒಂದು ಕಾರಣವೆನ್ನಬೇಕು. ಎದೆಯ ಮೇಲಿಟ್ಟು ನೋಡುವ, ಹರಳುಗಳ ಸಾಲುಳ್ಳ ಸಾಧನವನ್ನು ಅವನ ತಂಡವೇ 1971ರಲ್ಲಿ ರೂಪಿಸಿತ್ತು. ಉಟ್ರೆಕ್ಟ್‌ನ ಯಾನ್ ಸೋಮರ್ 1968ರಲ್ಲಿಯೇ, ಸಾಲಿನಲ್ಲಿರುವ ಹರಳುಗಳನ್ನು ಅತ್ಯಲ್ಪ ಕಾಲಾಂತರದಲ್ಲಿ ಒಂದರ ಹಿಂದೊಂದು ಕಂಪಿಸುವಂತೆ ಮಾಡಿ, ಏನನ್ನೂ ಅಲುಗಿಸದೆ ಧ್ವನಿಪುಂಜವನ್ನು ಬೀಸಣಿಗೆಯಂತೆ ಆಚೀಚೆ ತಿರುಗಿಸಬಹುದೆಂದು ತೋರಿಸಿದ್ದನು. ಫೇಸ್ಡ್ ಅರೇ ಎಂದು ಹೆಸರಾದ ಈ ತಂತ್ರವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರೆಡರಿಕ್ ಥರ್‌ಸ್ಟನ್ ಮತ್ತು ಓಲಾಫ್ ಫಾನ್ ರಾಮ್ 1970ರ ದಶಕದಲ್ಲಿ ಹೃದಯಕ್ಕೆ ಅಳವಡಿಸಿದರು. ಚರ್ಮವನ್ನು ಚುಚ್ಚದೆಯೇ ಹೃದಯ ಕಾಣತೊಡಗಿದ ಮೇಲೆ ನಳಿಕೆಯನ್ನು ಒಳಗೆ ಕಳುಹಿಸುವ ತೊಂದರೆಯನ್ನು ಯಾರು ತಾನೇ ಕೈಗೊಂಡಾರು? ಎದೆಯ ಮೂಲಕ ಕಾಣದ ಎಡ ಹೃತ್ಕರ್ಣಕ್ಕೂ ಬೇರೆ ದಾರಿ ಸಿಕ್ಕಿತು. ಹೃದಯದ ಬೆನ್ನಿಗೇ ಅಂಟಿದಂತಿರುವ ಅನ್ನನಾಳದೊಳಕ್ಕೆ ಸಾಧನವನ್ನು ಇಳಿಸಿ ನೋಡುವ ಪದ್ಧತಿಯನ್ನು 1976ರಲ್ಲಿ ಷಿಕಾಗೋದ ಲೀ ಫ್ರಾಜಿನ್ ತೋರಿಸಿದ್ದನು. 1980ರ ದಶಕದ ಆರಂಭದಲ್ಲಿ ಹ್ಯಾಂಬರ್ಗ್‌ನ ಪೀಟರ್ ಹಾನ್‌ರಾತ್ ತಂಡ ಅದಕ್ಕೆ ಫೇಸ್ಡ್ ಅರೇಯನ್ನು ಜೋಡಿಸಿತು. ಗಂಟಲಲ್ಲಿ ದಪ್ಪ ನಳಿಕೆಯನ್ನು ಸಹಿಸಲು ರೋಗಿಗೆ ಅರಿವಳಿಕೆ ಬೇಕಾಗುತ್ತಿತ್ತು ಎಂಬುದನ್ನು ಬಿಟ್ಟರೆ ಚಿತ್ರಗಳು ಅತ್ಯುತ್ತಮವಾಗಿದ್ದವು.

ಅಷ್ಟರಲ್ಲಿ ವೈದ್ಯರ ಕೈ ಹೃದಯದ ಒಳಹೊಕ್ಕಿತ್ತು. 1959ರಲ್ಲಿಯೇ ಅಮೆರಿಕದ ಜಾನ್ ರಾಸ್ ಮತ್ತು ಕಾನ್‌ಸ್ಟಂಟಿನ್ ಕೋಪ್, ಬಲ ಹೃತ್ಕರ್ಣದಿಂದ ನಡುಗೋಡೆಯನ್ನು ಉದ್ದನೆಯ ಸೂಜಿಯಿಂದ ಚುಚ್ಚಿ ಎಡ ಹೃತ್ಕರ್ಣವನ್ನು ಸೇರುವ ಮಾರ್ಗವನ್ನು ವಿವರಿಸಿದ್ದರು. ನಡುಗೋಡೆಯಲ್ಲಿ ಫಾಸಾ ಓವಾಲಿಸ್ ಎಂಬ ತೆಳುವಾದ ತಗ್ಗಿದೆ. ಸೂಜಿ ಅಲ್ಲಿಯೇ ಹಾಯಬೇಕು, ಸ್ವಲ್ಪ ತಪ್ಪಿದರೂ ಮಹಾಪಧಮನಿಗೋ ಹೃದಯದ ಹೊರಗೋಡೆಗೋ ಪೆಟ್ಟಾಗುತ್ತದೆ. 1984ರಲ್ಲಿ ಜಪಾನಿನ ಕಾಂಜಿ ಇನೊಯೆ ಇದೇ ಮಾರ್ಗದಿಂದ ಬಲೂನನ್ನು ಒಯ್ದು ಕಿರಿದಾದ ಮಿಟ್ರಲ್ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆಯನ್ನು ಪ್ರಕಟಿಸಿದನು. ಸಂಧಿವಾತ ಜ್ವರದ ಹಾವಳಿ ಹೆಚ್ಚಾಗಿದ್ದ ಭಾರತದಲ್ಲಿ ಈ ಚಿಕಿತ್ಸೆ ಬೇಗನೆ ಬೇರೂರಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಇದನ್ನು ಬಹುದೊಡ್ಡ ಪ್ರಮಾಣದಲ್ಲಿ ನಡೆಸಿದ ಕೇಂದ್ರಗಳಲ್ಲೊಂದು. ಇಂಥ ಕಡೆಗಳಲ್ಲಿ ಸೂಜಿಗೆ ದಾರಿ ತೋರುತ್ತಿದ್ದುದು ಎಕ್ಸ್-ರೇ ಮತ್ತು ಪಳಗಿದ ಕೈಯ ಸ್ಪರ್ಶಜ್ಞಾನ. ಅತ್ತ 1982ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೆಲ್ವಿನ್ ಷೈನ್‌ಮನ್ ಮತ್ತು ಡ್ಯೂಕ್‌ನ ಜಾನ್ ಗ್ಯಾಲಗರ್ ತಂಡಗಳು ಕ್ಯಾಥೆಟರಿನ ಮೂಲಕ ವಿದ್ಯುದಾಘಾತ ನೀಡಿ ಹೃದಯದ ವಿದ್ಯುತ್ ಹಾದಿಯನ್ನು ಉದ್ದೇಶಪೂರ್ವಕವಾಗಿ ಕಡಿದವು. ದಶಕದ ಕೊನೆಗೆ ಆಘಾತದ ಸ್ಥಾನದಲ್ಲಿ ರೇಡಿಯೋ ಆವೃತ್ತಿಯ ವಿದ್ಯುತ್ತಿನಿಂದ ಅಂಗಾಂಶವನ್ನು ಮೆಲ್ಲಗೆ ಕಾಯಿಸಿ ಸುಡುವ ವಿಧಾನ ಬಂದಿತು. ಇದೇ ಅಬ್ಲೇಶನ್.

ಇಲ್ಲಿಯೇ ಎಕ್ಸ್-ರೇಯ ಮಿತಿ ಅಸಹನೀಯವಾದದ್ದು. ಕ್ಯಾಥೆಟರಿನ ಲೋಹವನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ರಕ್ತ ಮತ್ತು ಸ್ನಾಯು ಅದಕ್ಕೆ ಒಂದೇ. ಸುಡುವ ತುದಿ ಗೋಡೆಗೆ ತಾಗಿದೆಯೋ ರಕ್ತದಲ್ಲಿ ತೇಲುತ್ತಿದೆಯೋ, ತಾಗಿದ್ದರೆ ಯಾವ ಏಣಿಗೆ, ಯಾವ ತಗ್ಗಿಗೆ ಎಂಬುದನ್ನು ವೈದ್ಯರು ಊಹಿಸಬೇಕಾಗಿತ್ತು. ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಬೆಲೆಯಿರುವ ಕೆಲಸವನ್ನು ನೆರಳನ್ನು ನೋಡಿ ಮಾಡುವ ಸ್ಥಿತಿ ಅದು.

ನೆರವು ಪರಿಧಮನಿಗಳ ಕಡೆಯಿಂದ ಬಂದಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಯಾಕ್, ಹೃದಯಕ್ಕೆ ರಕ್ತವೊದಗಿಸುವ ಈ ಸಣ್ಣ ನಾಳಗಳ ಗೋಡೆಯನ್ನು ಒಳಗಿನಿಂದಲೇ ನೋಡಲು, ತುದಿಯಲ್ಲಿ ಗಿರಗಿರನೆ ತಿರುಗುವ ಹರಳುಳ್ಳ ತೆಳು ಕ್ಯಾಥೆಟರನ್ನು ರೂಪಿಸಿದ್ದನು. ರಾಟರ್‌ಡ್ಯಾಮ್‌ನ ಬೋಮ್ ತಂಡವೂ ಈ ಹೊತ್ತಿಗೆ ನಾಳದ ಚಿತ್ರಣಕ್ಕೆ ತಿರುಗಿತ್ತು. ನಾಳದ ಚಿತ್ರಕ್ಕೆ 20ರಿಂದ 40 ಮೆಗಾಹರ್ಟ್ಸ್‌ನ ಧ್ವನಿ ಬೇಕು. ಆವೃತ್ತಿ ಏರಿದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ, ಆದರೆ ಧ್ವನಿಯು ಕೆಲವೇ ಮಿಲಿಮೀಟರುಗಳಲ್ಲಿ ಕರಗಿಹೋಗುತ್ತದೆ. ಹೃದಯದ ಕೋಣೆಗೆ ಅದು ಸಾಲದು. ಆದ್ದರಿಂದ ಆವೃತ್ತಿಯನ್ನು 10 ಮೆಗಾಹರ್ಟ್ಸ್‌ನ ಆಸುಪಾಸಿಗೆ ಇಳಿಸಿದ ತಿರುಗುವ ಕ್ಯಾಥೆಟರುಗಳು 1990ರ ದಶಕದ ಆರಂಭದಲ್ಲಿ ಬಂದವು. ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ನಟೇಸ ಪಾಂಡಿಯನ್ ಇವುಗಳ ಸಾಧ್ಯತೆಯನ್ನು ಪರೀಕ್ಷಿಸಿದರೆ, ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕಲ್ ಲೆಷ್ ಅವರ ತಂಡ ಅಬ್ಲೇಶನ್ ನಡೆಯುತ್ತಿರುವಾಗಲೇ ಮನುಷ್ಯರಲ್ಲಿ ಬಳಸಿ 1994ರಲ್ಲಿ ವರದಿ ಮಾಡಿತು.

ಈ ತಂಡದ ಕೆಲಸದ ಮಹತ್ವ ಸುರಕ್ಷತೆಗಿಂತ ದೊಡ್ಡದು. ಬಲ ಹೃತ್ಕರ್ಣದ ಒಳಗೋಡೆಯಲ್ಲಿ ಕ್ರಿಸ್ಟಾ ಟರ್ಮಿನಾಲಿಸ್ ಎಂಬ ಸ್ನಾಯುವಿನ ಏಣು ಮೇಲಿನಿಂದ ಕೆಳಕ್ಕೆ ಹಾಯ್ದಿದೆ. ಅಂಗರಚನೆಯ ಪುಸ್ತಕಗಳಲ್ಲಿ ಅದಕ್ಕೆ ಸ್ಥಾನವಿದ್ದರೂ ಎಕ್ಸ್-ರೇಯಲ್ಲಿ ಅದು ಕಾಣದು. ಕ್ಯಾಥೆಟರಿನ ತುದಿಯ ಧ್ವನಿಯಲ್ಲಿ ಆ ಏಣನ್ನು ನೇರವಾಗಿ ನೋಡುತ್ತ, ಅದರ ಎರಡೂ ಬದಿಗೆ ವಿದ್ಯುದಗ್ರಗಳನ್ನು ಇಟ್ಟು ಅಳೆದಾಗ, ಏಟ್ರಿಯಲ್ ಫ್ಲಟರ್ ಎಂಬ ಲಯದೋಷದಲ್ಲಿ ಸುತ್ತುವ ವಿದ್ಯುತ್ತಿಗೆ ಈ ಏಣೇ ಒಂದು ಕಡೆಯ ತಡೆಗೋಡೆಯಾಗಿರುವುದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಳಿದುಬಂದಿತು. ಬಲ ಹೃತ್ಕರ್ಣದ ಒಂದೇ ಬಿಂದುವಿನಿಂದ ಹೊಮ್ಮುವ ಬಗೆಯ ವೇಗದ ಬಡಿತಗಳು ಬಹುಪಾಲು ಇದೇ ಏಣಿನ ಗುಂಟ ಹುಟ್ಟುತ್ತವೆಂಬುದನ್ನು ಜೊನಾಥನ್ ಕಾಲ್ಮನ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ತೋರಿಸಿದರು. ವಿದ್ಯುತ್ ನಕ್ಷೆ ಮತ್ತು ಮಾಂಸಲ ಹೃದಯ ಇವೆರಡೂ ಅಲ್ಲಿಯವರೆಗೆ ಬೇರೆ ಬೇರೆ ಪುಟಗಳಲ್ಲಿದ್ದವು. ಬದುಕಿರುವ ಮನುಷ್ಯನ ಮಿಡಿಯುವ ಹೃದಯದಲ್ಲಿ ಅವನ್ನು ಒಂದರ ಮೇಲೊಂದು ಇಟ್ಟು ಓದಲು ಸಾಧ್ಯವಾದದ್ದು ಈ ಸಾಧನದಿಂದ. ಲುಂಡ್‌ನ ಎಡ್ಲರ್ ಶವಗಳಲ್ಲಿ ಮಾಡಬೇಕಾಗಿದ್ದ ತಾಳೆ ಇಲ್ಲಿ ಜೀವಂತ ಹೃದಯದಲ್ಲಿಯೇ ನಡೆಯಿತು.

ತಿರುಗುವ ಹರಳಿನ ಕ್ಯಾಥೆಟರಿಗೆ ದೊಡ್ಡ ದೋಷವೊಂದಿತ್ತು. ಅದು ತನ್ನ ಸುತ್ತಲಿನ ವೃತ್ತಾಕಾರದ ಕೊಯ್ತವನ್ನಷ್ಟೇ ತೋರುತ್ತಿತ್ತು; ಬಲಗಡೆ ನಿಂತು ಎಡ ಹೃತ್ಕರ್ಣದ ದೂರದ ಗೋಡೆಯನ್ನು ಕಾಣುವಷ್ಟು ಆಳವಿರಲಿಲ್ಲ, ರಕ್ತದ ಹರಿವಿನ ವೇಗವನ್ನು ತಿಳಿಸುವ ಡಾಪ್ಲರ್ ಸೌಲಭ್ಯವೂ ಇರಲಿಲ್ಲ. ಫೇಸ್ಡ್ ಅರೇಯನ್ನು ಕ್ಯಾಥೆಟರಿನೊಳಗೆ ಅಡಗಿಸುವುದೇ ಇದಕ್ಕೆ ಪರಿಹಾರ, ಆದರೆ ಪ್ರತಿಯೊಂದು ಹರಳಿಗೂ ತಂತಿ ಬೇಕು, ಎಲ್ಲ ತಂತಿಗಳೂ ಮೂರು ಮಿಲಿಮೀಟರಿನ ನಳಿಕೆಯಲ್ಲಿ ಹಿಡಿಯಬೇಕು, ಮೇಲಾಗಿ ನಳಿಕೆ ಬಾಗಬೇಕು. ಕ್ಯಾಲಿಫೋರ್ನಿಯಾದ ಅಕ್ಯುಸನ್ ಸಂಸ್ಥೆ ಇದನ್ನು ಸಾಧಿಸಿತು. ಮಿನೆಸೋಟದ ಮೇಯೊ ಕ್ಲಿನಿಕ್ಕಿನಲ್ಲಿ ಜೇಮ್ಸ್ ಸ್ಯೂವರ್ಡ್ ಮತ್ತು ಡಗ್ಲಾಸ್ ಪ್ಯಾಕರ್ 1990ರ ದಶಕದ ಮಧ್ಯಭಾಗದಿಂದ ಅದನ್ನು ಪರೀಕ್ಷಿಸಿ ಬೆಳೆಸಿದರು. ಅಕ್ಯುನ್ಯಾವ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಥೆಟರಿನ ತುದಿಯ ಒಂದು ಬದಿಯಲ್ಲಿ 64 ಹರಳುಗಳ ಸಾಲಿತ್ತು. ದಪ್ಪ 10 ಫ್ರೆಂಚ್, ಅಂದರೆ 3.3 ಮಿಲಿಮೀಟರ್, ಆವೃತ್ತಿ 5.5ರಿಂದ 10 ಮೆಗಾಹರ್ಟ್ಸ್‌ವರೆಗೆ ಬದಲಿಸಬಹುದಾಗಿತ್ತು. ಹಿಡಿಯಲ್ಲಿನ ಗುಬ್ಬಿಗಳನ್ನು ತಿರುಗಿಸಿ ತುದಿಯನ್ನು ನಾಲ್ಕು ದಿಕ್ಕಿಗೆ ಬಾಗಿಸಬಹುದಾಗಿತ್ತು. ಬಲ ಹೃತ್ಕರ್ಣದಲ್ಲಿಯೇ ನಿಂತು ಹತ್ತು ಸೆಂಟಿಮೀಟರಿಗೂ ಆಚೆಗೆ, ಎಡಭಾಗದ ಕವಾಟಗಳವರೆಗೆ ನೋಡುವುದು ಇದರಿಂದ ಸಾಧ್ಯವಾಯಿತು. 2000ದಲ್ಲಿ ಅಕ್ಯುಸನ್ ಸಂಸ್ಥೆಯನ್ನು ಕೊಂಡದ್ದು ಸೀಮೆನ್ಸ್.

ಬೇಡಿಕೆ ಸಿಡಿದದ್ದೂ ಅದೇ ಹೊತ್ತಿಗೆ. ಹೃತ್ಕರ್ಣಗಳು ಲಯತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ರೋಗದಲ್ಲಿ, ಅದನ್ನು ಕೆರಳಿಸುವ ಕಿಡಿಗಳು ಬಹುತೇಕ ಎಡ ಹೃತ್ಕರ್ಣಕ್ಕೆ ಸೇರುವ ಶ್ವಾಸಕೋಶದ ಅಭಿಧಮನಿಗಳಿಂದ ಹೊಮ್ಮುತ್ತವೆಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೆರ್ 1998ರಲ್ಲಿ ಪ್ರಕಟಿಸಿದನು. ಅವನು ಪರೀಕ್ಷಿಸಿದ 45 ಜನರಲ್ಲಿ ಕಂಡ ಅಂಥ ಮೂಲಗಳ ಪೈಕಿ ಶೇ. 94ರಷ್ಟು ಈ ಅಭಿಧಮನಿಗಳಲ್ಲಿದ್ದವು. ವಿರಳವಾಗಿದ್ದ ಎಡ ಹೃತ್ಕರ್ಣದ ಪ್ರವೇಶ ಇದರಿಂದ ಸಾಮಾನ್ಯ ಕೆಲಸವಾಯಿತು. ಸೂಜಿಯ ಒತ್ತಡಕ್ಕೆ ಫಾಸಾದ ಪೊರೆ ಎಡಕ್ಕೆ ಗುಡಾರದಂತೆ ಉಬ್ಬುವುದನ್ನು, ಅನಂತರ ಸೂಜಿ ಹಾಯುವುದನ್ನು ಪರದೆಯ ಮೇಲೆ ನೋಡುತ್ತಲೇ ಚುಚ್ಚುವುದು ಈಗ ಸಾಧ್ಯವಿತ್ತು. ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ನಾಸಿರ್ ಮರೂಶ್ ಮತ್ತು ಆಂಡ್ರಿಯಾ ನಟಾಲೆ 2003ರಲ್ಲಿ ಇನ್ನೊಂದು ಉಪಯೋಗವನ್ನು ವಿವರಿಸಿದರು: ಅಂಗಾಂಶ ಮಿತಿಮೀರಿ ಕಾಯ್ದಾಗ ರಕ್ತದಲ್ಲಿ ಏಳುವ ಸೂಕ್ಷ್ಮ ಗುಳ್ಳೆಗಳು ಧ್ವನಿಚಿತ್ರದಲ್ಲಿ ಬಿಳಿಯ ಚುಕ್ಕಿಗಳಾಗಿ ಕಾಣುವುದರಿಂದ, ಅವುಗಳ ದಟ್ಟಣೆಯನ್ನು ನೋಡಿ ಶಕ್ತಿಯನ್ನು ತಗ್ಗಿಸಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ, ಚಿಕಿತ್ಸೆಯ ನಡುವೆಯೇ ಎಡ ಹೃತ್ಕರ್ಣದ ಕ್ಯಾಥೆಟರುಗಳ ಮೇಲೆ ಹೆಪ್ಪುಗಟ್ಟುವ ರಕ್ತವನ್ನು ಗುರುತಿಸಿ, ಅದು ಮೆದುಳಿಗೆ ಹೋಗಿ ಪಾರ್ಶ್ವವಾಯು ತರುವ ಮುನ್ನವೇ ಎಚ್ಚರ ವಹಿಸುವ ದಾರಿಯನ್ನು 2004ರಲ್ಲಿ ವರದಿ ಮಾಡಿತು. ಹೃದಯದ ಹೊರಪೊರೆಯೊಳಗೆ ರಕ್ತ ಸೋರಿದರೆ, ರೋಗಿಯ ರಕ್ತದೊತ್ತಡ ಕುಸಿಯುವ ಮೊದಲೇ ಅದರ ತೆಳು ಪದರ ಪರದೆಯಲ್ಲಿ ಕಾಣುತ್ತಿತ್ತು. ಇವೆಲ್ಲ ಪ್ರಾಣ ಉಳಿಸಿದ ನೋಟಗಳು.

ಟೋಕಿಯೊದವರು ಹುಡುಕಹೊರಟಿದ್ದ ನಡುಗೋಡೆಯ ರಂಧ್ರದ ವಿಷಯವೂ ಇಲ್ಲಿ ಪೂರ್ಣವಾಯಿತು. ಎರಡು ಬಿಲ್ಲೆಗಳುಳ್ಳ ಲೋಹದ ಜಾಲರಿಯನ್ನು ಕ್ಯಾಥೆಟರಿನಲ್ಲಿ ಒಯ್ದು ಆ ರಂಧ್ರವನ್ನು ಮುಚ್ಚುವ ಚಿಕಿತ್ಸೆಗೆ ಅನ್ನನಾಳದ ಎಕೋ ಅನಿವಾರ್ಯವಾಗಿತ್ತು; ಅದರೊಂದಿಗೆ ಪೂರ್ಣ ಅರಿವಳಿಕೆಯೂ. ಷಿಕಾಗೋದ ಜಿಯಾದ್ ಹಿಜಾಜಿ 2001ರಲ್ಲಿ, ಒಳಗಿನ ಧ್ವನಿಚಿತ್ರವೇ ಇದಕ್ಕೆ ಸಾಕು, ರೋಗಿ ಎಚ್ಚರವಾಗಿಯೇ ಇರಬಹುದು ಎಂದು ತೋರಿಸಿದನು.

2000ರ ದಶಕದ ಕೊನೆಯ ಹೊತ್ತಿಗೆ ಕ್ಯಾಥೆಟರಿನ ತುದಿಗೆ ಕಾಂತೀಯ ಸಂವೇದಕ ಸೇರಿತು. ಕ್ಯಾಥೆಟರ್ ಎಲ್ಲಿದೆಯೆಂಬುದನ್ನು ಕಾಂತಕ್ಷೇತ್ರದ ನೆರವಿನಿಂದ ತಿಳಿಸುವ ವ್ಯವಸ್ಥೆಯನ್ನು ಇಸ್ರೇಲಿನ ಶ್ಲೋಮೊ ಬೆನ್-ಹೈಮ್ 1990ರ ದಶಕದಲ್ಲಿ ರೂಪಿಸಿದ್ದನು. ಇವೆರಡರ ಜೋಡಣೆಯಿಂದ ಪ್ರತಿಯೊಂದು ಧ್ವನಿಚಿತ್ರವೂ ತನ್ನ ನಿಜವಾದ ಸ್ಥಾನದಲ್ಲಿ ಕೂತು, ಹೃತ್ಕರ್ಣದ ಮೂರು ಆಯಾಮದ ಮಾದರಿ ಕಂಪ್ಯೂಟರಿನಲ್ಲಿ ಮೂಡತೊಡಗಿತು. ಎಕ್ಸ್-ರೇಯನ್ನು ಬಹಳ ಕಡಿಮೆ ಮಾಡಿ, ಕೆಲವು ಕೇಂದ್ರಗಳಲ್ಲಿ ಅದನ್ನು ಮುಟ್ಟದೆಯೇ ಅಬ್ಲೇಶನ್ ನಡೆಸುವ ಪದ್ಧತಿ ಬೆಳೆದದ್ದು ಹೀಗೆ. ಗರ್ಭಿಣಿಯರಿಗೂ ಮಕ್ಕಳಿಗೂ, ದಿನವಿಡೀ ಸೀಸದ ಅಂಗಿ ತೊಟ್ಟು ನಿಲ್ಲುವ ಸಿಬ್ಬಂದಿಗೂ ಅದರ ಬೆಲೆ ಗೊತ್ತು. ಹರಳುಗಳನ್ನು ಒಂದೇ ಸಾಲಿನ ಬದಲು ಚೌಕದಲ್ಲಿ ಜೋಡಿಸಿ ಘನಚಿತ್ರವನ್ನೇ ಪಡೆಯುವ ಪ್ರಯೋಗಗಳನ್ನು ಡ್ಯೂಕ್‌ನ ಸ್ಟೀಫನ್ ಸ್ಮಿತ್ 2000ದ ದಶಕದ ಆರಂಭದಲ್ಲಿ ನಡೆಸಿದ್ದನು. ಅಂಥ ಕ್ಯಾಥೆಟರುಗಳು ಚಿಕಿತ್ಸಾಲಯಕ್ಕೆ ಬರಲು ಮತ್ತೆ ಒಂದೂವರೆ ದಶಕ ಹಿಡಿಯಿತು. ಹೃತ್ಕರ್ಣದ ಕಿವಿಯಂತಹ ಚೀಲವನ್ನು ಮುಚ್ಚುವ, ಸೋರುವ ಕವಾಟದ ಎಸಳುಗಳನ್ನು ಕ್ಲಿಪ್ ಹಾಕಿ ಹಿಡಿಸುವ ಚಿಕಿತ್ಸೆಗಳಲ್ಲಿ ಈಗ ಅವು ಅನ್ನನಾಳದ ಎಕೋದೊಂದಿಗೆ ಸ್ಪರ್ಧಿಸುತ್ತಿವೆ. ಸ್ಪರ್ಧೆಯ ತೀರ್ಮಾನ ಚಿತ್ರದ ಗುಣದಿಂದ ಮಾತ್ರ ಆಗುವಂಥದ್ದಲ್ಲ. ಅನ್ನನಾಳದ ಸಾಧನವನ್ನು ತೊಳೆದು ಸಾವಿರಾರು ರೋಗಿಗಳಿಗೆ ಬಳಸಬಹುದು. ಹೃದಯದೊಳಗಿನದು ಒಬ್ಬ ರೋಗಿಗೆಂದೇ ತಯಾರಾದ ದುಬಾರಿ ವಸ್ತು, ಮತ್ತು ಭಾರತದಂತಹ ದೇಶದಲ್ಲಿ ಅದರ ವೆಚ್ಚ ಬಹುಪಾಲು ರೋಗಿಯ ಮನೆಯವರ ಮೇಲೆಯೇ ಬೀಳುತ್ತದೆ.